ಏಪ್ರಿಲ್ ಹದಿನೈದರ ಐದನೇ ಕಾರ್ಡು

"ಇದು ಅಜ್ಜನ ಕಾರ್ಡಲ್ಲ."

ಕೆಂಪಿಂಕು ಹೇಳಿದ್ದೇನೋ ಮೆಲ್ಲಗೆ. ಆದರೆ ಆ ಕಾರ್ಡನ್ನು ಮೇಜಿಗೆ ಬಡಿದ ರಭಸಕ್ಕೆ ಇನ್ಸ್‌ಪೆಕ್ಟರ್ ಮೇಡಂ ಕೈಯಲ್ಲಿದ್ದ ಚಹಾ ತುಳುಕಿ ಬೆರಳ ಮೇಲೆ ಚೆಲ್ಲಿತು.

"ಮೇಜು ಒಡೀಬೇಡಮ್ಮ, ಹಳೇದು," ಅಂದ ಬಾಗಿಲ ಬಳಿ ನಿಂತಿದ್ದ ಅಟೆಂಡರಣ್ಣ. ಅವನಿಗೇ ಆಶ್ಚರ್ಯವಾಗಿತ್ತು. ಕೆಂಪಿಂಕು ಸದ್ದು ಮಾಡಿದ್ದನ್ನು ಈ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ.

ಕರಡು ತಿದ್ದುವವಳು ಅವಳು. ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತು ಹತ್ತು ವರ್ಷವಾಗಿತ್ತು. ಆ ಹೆಸರು ಪೆನ್ನಿನಿಂದಲೇ ಬಂದದ್ದು. ಹತ್ತು ವರ್ಷದಲ್ಲಿ ಅವಳಾಡಿದ ಮಾತನ್ನೆಲ್ಲ ಜೋಡಿಸಿದರೂ ಪೇಪರಿನ ಒಂದು ಕಾಲಂ ತುಂಬುತ್ತಿರಲಿಲ್ಲ.

ಇವತ್ತು ಶುಕ್ರವಾರ. ಬುಧವಾರ ಮಧ್ಯಾಹ್ನ ಒಂದೂವರೆಗೆ ತಾರೀಕಜ್ಜ ಇದೇ ಮೂರನೇ ಮಹಡಿಯ ಮೆಟ್ಟಿಲ ಕೆಳಗೆ ತಲೆ ಒಡೆದು, ಕತ್ತು ಮುರಿದು ಬಿದ್ದಿದ್ದರು. ತಳ್ಳಿದವನು ಇವನೇ ಎಂದು ಪೊಲೀಸರು ಹಿಡಿದೊಯ್ದದ್ದು ಪೇಪರು ಅಚ್ಚಾಗುವ ಮಷಿನ್ ಹಾಲಿನಲ್ಲಿ ಕೆಲಸ ಮಾಡುವ ಅವಳ ಅಣ್ಣನನ್ನು. ನಾಳೆ ಹತ್ತು ಗಂಟೆಗೆ ಕೋರ್ಟು. ಅಲ್ಲಿಂದ ಜೈಲು.

"ನಿನಗೆ ಅರ್ಧ ಗಂಟೆ ಕೊಟ್ಟಿದ್ದೀನಿ," ಅಂದರು ಮೇಡಂ, ಬೆರಳು ಒರೆಸಿಕೊಳ್ಳುತ್ತ. "ಅದರಲ್ಲಿ ಹತ್ತು ನಿಮಿಷ ಹೋಯ್ತು."

ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದ ಮ್ಯಾನೇಜಿಂಗ್ ಎಡಿಟರ್ ನಕ್ಕ. ಯಜಮಾನರ ಮಗಳನ್ನು ಮದುವೆಯಾಗಿ, ಮೂರು ವರ್ಷದ ಹಿಂದೆ ಆ ಕುರ್ಚಿಗೆ ಬಂದವನು. ಎದುರಿಗೆ ಎಲ್ಲರಿಗೂ 'ಸಾರ್', ಹಿಂದಿನಿಂದ 'ಅಳಿಯ'. ಅವನ ಬಗ್ಗೆ ಯಾರು ಏನೇ ಕೇಳಿದರೂ ಅಟೆಂಡರಣ್ಣನ ಉತ್ತರ ಒಂದೇ: "ಅಳಿಯ ಅಲ್ಲಪ್ಪ, ಮಗಳ ಗಂಡ."

"ಮೇಡಂ, ಅಣ್ಣ ಲಾಕಪ್ಪಲ್ಲಿದ್ದಾನೆ, ತಂಗಿಗೆ ತಲೆ ಕೆಟ್ಟಿದೆ," ಅಂದ ಅಳಿಯ. "ಪಾಪ. ಮನೆಗೆ ಹೋಗಿ ಮಲಗಮ್ಮ. ಎರಡು ದಿನ ರಜ ತಗೋ."

ಕೆಂಪಿಂಕಿಗೆ ಕಿವಿಯ ಬುಡ ಬಿಸಿಯಾಯಿತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ 'ಪಾಪ' ಅನ್ನುವ ಮಾತು ಉಗುರು ಸಂದಿಗೆ ಸೂಜಿ ಹಾಕಿದ ಹಾಗಿತ್ತು.

ಅವಳು ಅಜ್ಜನ ಬೀರುವಿನ ಕಡೆ ತಿರುಗಿದಳು.

ಗೋಡೆಯುದ್ದದ ಮರದ ಬೀರು. ಅದರಲ್ಲಿ ಮುನ್ನೂರ ಅರವತ್ತಾರು ಪುಟ್ಟ ಡ್ರಾಯರುಗಳು, ವರ್ಷದ ದಿನಕ್ಕೊಂದು. ಪೇಪರಿನ ಎರಡನೇ ಪುಟದ ಕೆಳಗಿನ ಮೂಲೆಯಲ್ಲಿ 'ಇದೇ ದಿನ' ಎಂಬ ಅಂಕಣ ಬರುತ್ತಿತ್ತು. ಹಿಂದೆ ಅದೇ ತಾರೀಕಿಗೆ ಜಗತ್ತಿನಲ್ಲಿ ನಡೆದ ಐದು ಸಂಗತಿ, ತಲಾ ಎರಡೇ ಸಾಲು. ನಲವತ್ತು ವರ್ಷದಿಂದ ತಾರೀಕಜ್ಜ ಆ ಡ್ರಾಯರುಗಳನ್ನು ತುಂಬುತ್ತ ಬಂದಿದ್ದರು. ಒಂದು ಸಂಗತಿಗೆ ಒಂದು ಕಾರ್ಡು. ಅಚ್ಚಾದ ಮರುದಿನ ಬೆಳಿಗ್ಗೆ ಕಾರ್ಡಿನ ಬೆನ್ನ ಮೇಲೆ ಆ ವರ್ಷದ ಇಸವಿ ಬರೆದು, ಡ್ರಾಯರಿಗೆ ಹಾಕಿ, ಆಮೇಲೇ ಅವರು ಚಹಾ ಕುಡಿಯುತ್ತಿದ್ದುದು.

"ಈ ಸಲದ ಹದಿನೈದಕ್ಕೆ ಅಜ್ಜ ಆರಿಸಿಟ್ಟ ಕಟ್ಟು ಇದು," ಎಂದು ಕೆಂಪಿಂಕು ರಬ್ಬರ್ ಬ್ಯಾಂಡ್ ಬಿಚ್ಚಿ ನಾಲ್ಕು ಕಾರ್ಡು ತೆಗೆದು, ಮೇಜಿಗೆ ಬಡಿದಿದ್ದ ಐದನೆಯದನ್ನೂ ಸೇರಿಸಿ ಸಾಲಾಗಿ ಇಟ್ಟಳು. "ಬುಧವಾರ ಅವರ ಮೇಜಿನ ಮೇಲೆ ಸಿಕ್ಕಿದ್ದು. ನಿಮ್ಮ ಪಂಚನಾಮೆಯಲ್ಲೂ ಇದೆ."

ಒಬ್ಬ ಮಹಾ ಚಿತ್ರಕಾರ ಹುಟ್ಟಿದ್ದು. ಒಬ್ಬ ಗಣಿತಜ್ಞ ಹುಟ್ಟಿದ್ದು. ಗುಂಡೇಟು ತಿಂದಿದ್ದ ಒಬ್ಬ ಅಧ್ಯಕ್ಷ ಕೊನೆಯುಸಿರೆಳೆದದ್ದು. ಮುಳುಗುವುದೇ ಇಲ್ಲ ಎಂದು ಹೆಸರಾದ ಟೈಟಾನಿಕ್ ಹಡಗು ಮುಳುಗಿದ್ದು. ಐದನೆಯದು, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಎಲ್ಲರ ಕೈಗೂ ಸಿಗುವಂತಾದದ್ದು.

"ಎಲ್ಲಿ ನಿಮ್ಮ ಗಿರಣಿ ಬೆಂಕಿ?" ಅಂದರು ಮೇಡಂ. "ಇಲ್ಲ ತಾನೆ? ಅದಕ್ಕೇ ಅಲ್ವಾ ನಿನ್ನಣ್ಣ ಜಗಳ ತೆಗೆದದ್ದು?"

ಹೌದು, ಅದಕ್ಕೇ. ಇಪ್ಪತ್ತಾರು ವರ್ಷದ ಹಿಂದೆ ಇದೇ ಊರಿನ ನೂಲಿನ ಗಿರಣಿಗೆ ಬೆಂಕಿ ಬಿದ್ದದ್ದೂ ಏಪ್ರಿಲ್ ಹದಿನೈದರಂದೇ. ಮಧ್ಯಾಹ್ನದ ಪಾಳಿಯ ಹೆಂಗಸರು ಹೊರಗೆ ಬರಲಾಗದೆ ಸುಟ್ಟುಹೋದರು. ಅವಳ ಅಮ್ಮನೂ ಅಲ್ಲಿದ್ದಳು. ಆ ಗಿರಣಿಯ ಯಜಮಾನರೇ ಈ ಪೇಪರಿಗೂ ಯಜಮಾನರು.

ಪ್ರತಿ ಏಪ್ರಿಲ್ ಬಂತೆಂದರೆ ಅಣ್ಣ ಮಷಿನ್ ಹಾಲಿನಿಂದ ಮೂರು ಮಹಡಿ ಹತ್ತಿ ಬರುತ್ತಿದ್ದ. "ಎಲ್ಲೋ ದೂರದ ಸಮುದ್ರದಲ್ಲಿ ಮುಳುಗಿದ ಹಡಗಿಗೆ ವರ್ಷವರ್ಷ ಜಾಗ ಇದೆ. ನಮ್ಮಮ್ಮನಿಗೆ ಎರಡು ಸಾಲು ಇಲ್ವಾ ಅಜ್ಜ?" ಅನ್ನುತ್ತಿದ್ದ. ಅಜ್ಜ ಕನ್ನಡಕ ಒರೆಸುತ್ತ, "ನಿನ್ನ ಕೆಲಸವೂ ಹೋಗತ್ತೆ, ನನ್ನ ಕೆಲಸವೂ ಹೋಗತ್ತೆ ಕಣೋ, ನಡಿ," ಅನ್ನುತ್ತಿದ್ದರು. ಬುಧವಾರ ಬೆಳಿಗ್ಗೆಯೂ ಅಣ್ಣನ ದನಿ ಕೆಳಗಿನ ಮಹಡಿಯವರೆಗೆ ಕೇಳಿತ್ತು. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

"ಮೇಡಂ, ಹಡಗಿನ ಕಾರ್ಡು ತಿರುಗಿಸಿ," ಅಂದಳು ಕೆಂಪಿಂಕು. "ಅದು ಮಾತ್ರ ವರ್ಷ ತಪ್ಪದೆ ಬರತ್ತೆ, ಓದೋರು ಬಿಡಲ್ಲ ಅಂತ. ಮಿಕ್ಕ ಕಾರ್ಡುಗಳು ಒಮ್ಮೆ ಬಂದರೆ ನಾಲ್ಕು ವರ್ಷ ಮತ್ತೆ ಬರಬಾರದು, ಅದು ಅಜ್ಜನ ನೇಮ. ಹಿಂದಿರೋ ಇಸವಿಗಳನ್ನ ಗಟ್ಟಿಯಾಗಿ ಓದಿ."

"ನಾನು ಮಗ್ಗಿ ಹೇಳೋಕೆ ಬಂದಿದ್ದೀನಾ?"

"ಕೊನೇ ಸಾಲು ಓದಿದರೆ ಸಾಕು."

ಮೇಡಂ ಕಾರ್ಡನ್ನು ಬೆಳಕಿಗೆ ಹಿಡಿದರು. "ಎರಡು ಸಾವಿರದ ಒಂಬತ್ತು. ಹತ್ತು. ಹನ್ನೊಂದು. ಹದಿಮೂರು. ಹದಿನಾಲ್ಕು..." ನಿಲ್ಲಿಸಿದರು. ಮತ್ತೆ ಬೆರಳಿಟ್ಟು ನೋಡಿದರು. "ಹನ್ನೆರಡು ಇಲ್ಲ."

"ಈಗ ಇನ್ಸುಲಿನ್ ಕಾರ್ಡು."

ಅದರ ಬೆನ್ನ ಮೇಲೆ ಮೂರೇ ಇಸವಿ ಇದ್ದವು. ಎರಡು ಸಾವಿರದ ನಾಲ್ಕು, ಎಂಟು, ಹನ್ನೆರಡು.



"ವರ್ಷ ತಪ್ಪದೆ ಬರೋ ಹಡಗು ಆ ವರ್ಷ ಬಂದಿಲ್ಲ. ಅದರ ಪಕ್ಕ ಇದು ಹೇಗೆ ಬಂತು ಸಾರ್?" ಕೆಂಪಿಂಕು ಕೇಳಿದ್ದು ಅಳಿಯನನ್ನು.

"ನನ್ನನ್ನೇನು ಕೇಳ್ತೀಯ? ಮುದುಕ ಮರೆತಿರಬೇಕು. ಎಪ್ಪತ್ತು ದಾಟಿದೋರು. ಮೆಟ್ಟಿಲೇ ಮರೆತು ಬಿದ್ದರು."

"ಅಜ್ಜ ಮರೀತಾರಾ?" ಅಟೆಂಡರಣ್ಣನಿಗೆ ತಡೆಯಲಾಗಲಿಲ್ಲ. "ನನ್ನ ಮದುವೆ ತಾರೀಕು ನನಗೆ ನೆನಪಿಸ್ತಿದ್ದದ್ದು ಅವರು, ಸಾರ್. ಹೆಂಡತಿ ಹತ್ರ ಎಷ್ಟೋ ಸಲ ಮರ್ಯಾದೆ ಉಳಿಸಿದ್ದಾರೆ." ಯಾರೂ ಕೇಳದೆಯೇ ಕಪಾಟಿನ ಕೆಳಗಿನ ಖಾನೆಯಿಂದ ರಟ್ಟು ಕಟ್ಟಿದ ದಪ್ಪ ಪುಸ್ತಕವೊಂದನ್ನು ಎಳೆದು ತಂದು ಮೇಜಿನ ಮೇಲೆ ಹಾಕಿದ. ಆ ವರ್ಷದ ಏಪ್ರಿಲ್ ತಿಂಗಳ ಪೇಪರುಗಳೆಲ್ಲ ಸೇರಿಸಿ ಹೊಲಿದದ್ದು. ಧೂಳಿಗೆ ಮೇಡಂ ಎರಡು ಸಲ ಸೀನಿದರು.

ಒಂಬತ್ತನೇ ತಾರೀಕು. ಹಾಳೆ ತಿರುಗಿಸಿದರು. ಇಪ್ಪತ್ತೆರಡು.

"ನಡುವಿನದ್ದೆಲ್ಲಿ?"

"ಇಲ್ಲ. ಅಚ್ಚೇ ಆಗಲಿಲ್ಲ," ಅಂದಳು ಕೆಂಪಿಂಕು. "ಮಷಿನ್ ಹಾಲಿನವರು ಹನ್ನೆರಡು ದಿನ ಮುಷ್ಕರ ಮಾಡಿದ್ರು. ಬಾಗಿಲಲ್ಲಿ ಮೊದಲು ಕೂತೋನು ನಮ್ಮಣ್ಣ. ಹನ್ನೆರಡು ದಿನ ನಮ್ಮನೇಲಿ ಒಂದೇ ಹೊತ್ತು ಒಲೆ ಹೊತ್ತಿದ್ದು. ಆ ವರ್ಷ ನಾನು ಮರೆಯಲ್ಲ."

"ಅಜ್ಜ ಅತ್ತಿದ್ದು ನಾನು ಅದೊಂದೇ ಸಲ ನೋಡಿದ್ದು," ಅಟೆಂಡರಣ್ಣ ಮೂಗು ಉಜ್ಜಿಕೊಂಡ. "ಹಡಗು ಮುಳುಗಿ ಸರಿಯಾಗಿ ನೂರು ವರ್ಷ ಕಣೋ, ನನ್ನ ಪೇಪರೇ ಇಲ್ಲವಲ್ಲೋ ಅಂತ. ಹಡಗು ಅವರಪ್ಪಂದೇನೋ ಅನ್ನೋ ಹಾಗೆ."

ಮೇಡಂ ನಗಲಿಲ್ಲ. ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಅಕ್ಷರ ನೋಡಿದರು.

"ಬರವಣಿಗೆ ಒಂದೇ ಥರ ಇದೆಯಲ್ಲ?"

"ಮೊದಲು ನಾನೂ ಮೋಸ ಹೋದೆ ಮೇಡಂ. ಹಳೇ ಖಾಲಿ ಕಾರ್ಡು ಕೆಳಗಿನ ಖಾನೇಲಿ ಕಂತೆಗಟ್ಟಲೆ ಇದೆ. ಅಜ್ಜನ ಅಕ್ಷರ ಮಕ್ಕಳ ಅಕ್ಷರದ ಹಾಗೆ ದುಂಡಗೆ, ಯಾರಾದರೂ ತಿದ್ದಬಹುದು. ಹಳೇ ಕಾರ್ಡಿನ ಹಾಗೆ ಕಾಣಲಿ ಅಂತ ಹಿಂದೆ ನಾಲ್ಕು ನಾಲ್ಕು ವರ್ಷ ಬಿಟ್ಟು ಇಸವಿ ಹಾಕಿದ್ದಾರೆ. ಮುಷ್ಕರ ಆಗಿದ್ದು ಗೊತ್ತಿಲ್ಲ. ಗೊತ್ತಿಲ್ಲದಿರೋರು ಅಂದರೆ ಆಮೇಲೆ ಬಂದೋರು. ಈ ಕೋಣೆ ಬೀಗದ ಕೈ ಮೂರೇ. ಒಂದು ಅಜ್ಜನ ಹತ್ರ, ಒಂದು ಅಟೆಂಡರಣ್ಣನ ಹತ್ರ. ಇನ್ನೊಂದು..."

"ಏಯ್!" ಅಳಿಯ ಎದ್ದು ನಿಂತ. "ಮಾತು ನೋಡ್ಕೊಂಡು ಆಡು. ಎಂಟನೇ ಕ್ಲಾಸು ಮೆಟ್ಟಿಲು ಹತ್ತಿದೋಳಿಗೆ ಕೆಲಸ ಕೊಟ್ಟಿದ್ದು ನಮ್ಮ ಮಾವ. ನಾನು ಬರೆದೆ ಅಂತೀಯಾ?"

"ನಾನು ಹೆಸರು ಹೇಳಲಿಲ್ಲ ಸಾರ್."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಟೆಂಡರಣ್ಣ ಕೆಮ್ಮುವ ನೆಪದಲ್ಲಿ ಆ ಕಡೆ ತಿರುಗಿದ.

  ಚಿಕ್ಕಂದಿನಿಂದ ಬಾಯಿಗೆ ಬಂದ ಪ್ರತಿ ಮಾತನ್ನೂ ನುಂಗಿದ್ದ ಕೆಂಪಿಂಕು ಈ ಸಲ ನುಂಗಲಿಲ್ಲ.

"ಸ್ಟೇಷನ್ನಲ್ಲಿ ನೀವು ಬರೆದುಕೊಟ್ಟಿದ್ದು ನಾನು ಓದಿದ್ದೀನಿ ಸಾರ್. 'ಗಿರಣಿಯ ವಿಷಯ ಬರೆಯಲು ಅಜ್ಜ ಎಂದೂ ಒಪ್ಪಲಿಲ್ಲ, ಆದ್ದರಿಂದ ಆರೋಪಿಗೆ ದ್ವೇಷವಿತ್ತು.' ಈ ಸಲ ಒಪ್ಪಿದ್ದರು. ಬರೆದೂ ಇಟ್ಟಿದ್ದರು. ಬರೆದಿದ್ದರೆ ಅಣ್ಣ ಯಾಕೆ ತಳ್ಳಬೇಕು? ನೀವು ಆ ಕಾರ್ಡು ತೆಗೆದು ಇದನ್ನ ಇಟ್ಟಿರಿ. ಒಬ್ಬ ನಿರಪರಾಧಿಯನ್ನ ಜೈಲಿಗೆ ಕಳಿಸ್ತಾ, ನನಗೆ ಪಾಪ ಅಂತೀರಾ? ಮಲಗು ಅಂತೀರಾ? ಎಂಥ ಜನ ಸಾರ್ ನೀವು?"

"ಎಂಥ ಜನ?" ಅಳಿಯನ ಕತ್ತಿನ ನರ ಉಬ್ಬಿತು. "ಈ ಪೇಪರ್ ನಡೆಸೋ ಜನ! ನಿನ್ನಂಥ ಅರವತ್ತು ಜನರ ಮನೆ ನಡೆಸೋ ಜನ! ಮೂವತ್ತೆರಡು ಹೆಂಗಸರ ಹೆಣ ತಂದು ಭಾನುವಾರದ ಪುಟದಲ್ಲಿ ಮಲಗಿಸ್ತೀನಿ ಅಂದ್ರೆ ಯಾವ ಯಜಮಾನ ಸುಮ್ಮನಿರ್ತಾನೆ?"

ಕೆಂಪಿಂಕು ಕಣ್ಣು ಮುಚ್ಚಿ ತೆರೆದಳು.

"ಎಷ್ಟು ಅಂದಿರಿ ಸಾರ್?"

"ಏನು ಎಷ್ಟು?"

"ಗಿರಣಿ ಗೇಟಿನ ಕಲ್ಲಿನ ಮೇಲೆ ಮೂವತ್ತೊಂದು ಹೆಸರಿದೆ. ಪೊಲೀಸ್ ಫೈಲಲ್ಲೂ ಮೂವತ್ತೊಂದು. ಅಲ್ವಾ ಮೇಡಂ?"

"ಮೂವತ್ತೊಂದು," ಅಂದರು ಮೇಡಂ. ಚಹಾದ ಲೋಟ ಪಕ್ಕಕ್ಕೆ ಸರಿಯಿತು.

"ಮೂವತ್ತೆರಡನೆಯವಳು ನಮ್ಮಮ್ಮ. ಹದಿನೇಳು ದಿನ ಆಸ್ಪತ್ರೆಯಲ್ಲಿ ನರಳಿ ಸತ್ತಳು. ಬೆಂಕೀಲಿ ಸಾಯಲಿಲ್ಲ ಅಂತ ಅವಳನ್ನ ಲೆಕ್ಕಕ್ಕೇ ಹಿಡಿಯಲಿಲ್ಲ, ಕಲ್ಲಿನ ಮೇಲೂ ಹೆಸರು ಹಾಕಲಿಲ್ಲ. ಮಂಗಳವಾರ ಅಜ್ಜ ನನ್ನ ಮೇಜಿಗೆ ಬಂದು, 'ನಿಮ್ಮಮ್ಮ ಎಷ್ಟು ದಿನ ಇದ್ದಳಮ್ಮ?' ಅಂತ ಕೇಳಿದರು. ಹೇಳಿದೆ. 'ಹಾಗಾದರೆ ಮೂವತ್ತೆರಡು' ಅಂದುಕೊಂಡು ಹೋದರು. ಆ ಲೆಕ್ಕ ಇರೋದು ನಮ್ಮನೇಲಿ, ಅಜ್ಜನ ಕಾರ್ಡಲ್ಲಿ. ನೀವು ಎಲ್ಲಿ ಓದಿದಿರಿ?"

ಅಳಿಯ ನಿಧಾನವಾಗಿ ಕುರ್ಚಿಯಲ್ಲಿ ಕೂತ.

ಮೇಡಂ ಫೋನು ತೆಗೆದು ಸ್ಟೇಷನ್ನಿಗೆ ಹಚ್ಚಿದರು. "ಹಾಂ, ನಾನೇ. ಆ ಮಷಿನ್ ಹಾಲಿನ ಹುಡುಗ ಊಟ ಮಾಡಿದ್ನಾ? ಕೊಡಿ. ಅವನ ಕಾಗದ ಕೋರ್ಟಿಗೆ ಕಳಿಸಬೇಡಿ, ನಾನು ಬರೋವರೆಗೆ ಹಾಗೇ ಇರಲಿ." ಫೋನು ಕೆಳಗಿಟ್ಟು ಅಳಿಯನ ಕಡೆ ಕೈ ಚಾಚಿದರು. "ಕಾರ್ಡು ಕೊಡಿ."

"ಹರಿದು ಹಾಕಿದೆ."

"ನೀವಾ? ಮಾವನ ಜುಟ್ಟು ಹಿಡಿಯೋ ಕಾಗದ ಸಿಕ್ಕರೆ ಯಾವ ಅಳಿಯ ಹರಿದು ಹಾಕ್ತಾನೆ? ಕೊಡಿ."

ಅಟೆಂಡರಣ್ಣನಿಗೆ ಮತ್ತೆ ಕೆಮ್ಮು ಬಂತು.

ಅಳಿಯ ಜೇಬಿನಿಂದ ಪರ್ಸು ತೆಗೆದ. ಅದರ ಒಳಗಿನ ಸಂದಿಯಿಂದ ಎರಡು ಮಡಿಕೆಯಾದ ಹಳದಿ ಕಾರ್ಡು ಹೊರಬಂತು. ಮೇಡಂ ಕೈಗೆ ಕೊಡಲಿಲ್ಲ. ಕೆಂಪಿಂಕಿನ ಮುಂದೆ ಎಸೆದ. ಅವನ ಮುಖದಲ್ಲಿ ಸೋತವನ ಬಣ್ಣ ಇರಲಿಲ್ಲ. ಅದನ್ನು ಅವಳು ಗಮನಿಸಿದಳು. ಗಮನಿಸಿಯೂ ಕೈ ತಡೆಯಲಿಲ್ಲ.

"ತಗೋ. ಕರಡು ತಿದ್ದೋಳಲ್ವಾ? ಗಟ್ಟಿಯಾಗಿ ಓದು. ಒಂದಕ್ಷರ ಬಿಡಬೇಡ."

ಅಜ್ಜನ ದುಂಡಕ್ಷರ. ಎರಡೇ ಸಾಲು ಬರೆಯುವ ಅಜ್ಜ ಈ ಸಲ ಕಾರ್ಡಿನ ತುದಿಯವರೆಗೂ ಬರೆದಿದ್ದರು. ಇಪ್ಪತ್ತಾರು ವರ್ಷ ಬೇಕಾಯಿತಲ್ಲ ಅಜ್ಜ ನಿಮಗೆ ಎಂದು ಅವಳಿಗೆ ಸತ್ತವರ ಮೇಲೂ ಸಿಟ್ಟು ಬಂತು. ಗಟ್ಟಿಯಾಗಿ ಓದಿದಳು.

"'ಸಾವಿರದ ಒಂಬೈನೂರ ತೊಂಬತ್ತೆರಡು. ಊರಿನ ನೂಲಿನ ಗಿರಣಿಯಲ್ಲಿ ಮಧ್ಯಾಹ್ನ ಬೆಂಕಿ. ಸತ್ತವರು ಮೂವತ್ತೆರಡು ಹೆಂಗಸರು. ಪಾಳಿಯ ನಡುವೆ ಯಾರೂ ಎದ್ದು ಹೋಗಬಾರದೆಂದು ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಯಜಮಾನರ ಮಾತಿನ ಮೇಲೆ ಬೀಗ ಹಾಕಿದವನು ಗೇಟಿನ ಕಾವಲುಗಾರ. ಬೆಂಕಿ ಕಂಡೊಡನೆ ಬೀಗದ ಕೈ ತರಲು ಬಂಗಲೆಗೆ ಓಡಿದ. ಮೂವತ್ತೆರಡನೆಯವಳು ಅವನ...'"

ನಿಂತಳು.

"ಮುಂದೆ?" ಅಂದರು ಮೇಡಂ.

ಕಾರ್ಡಿನಲ್ಲಿ ಇನ್ನೊಂದೇ ಪದ ಉಳಿದಿತ್ತು. ಹತ್ತು ವರ್ಷದಲ್ಲಿ ಕೆಂಪಿಂಕು ಎಂದೂ ಒಂದು ಪದ ಬಿಟ್ಟು ಓದಿದವಳಲ್ಲ.

"'ಹೆಂಡತಿ.'"

ಮೇಡಂ ಕಾರ್ಡನ್ನೂ ಅವಳ ಮುಖವನ್ನೂ ನೋಡಿದರು. "ಆಗ ಗೇಟಿನಲ್ಲಿ ಇದ್ದದ್ದು..."

"ನಮ್ಮಪ್ಪ."

ಅಪ್ಪ ಗಿರಣಿಯಲ್ಲಿ ಕೆಲಸದಲ್ಲಿದ್ದ ಎಂದಷ್ಟೇ ಅವಳಿಗೆ ಗೊತ್ತಿತ್ತು. ಯಾವ ಕೆಲಸ ಎಂದು ಕೇಳಿದರೆ ಅಣ್ಣ "ಗೇಟಲ್ಲಿ" ಎಂದು ಹೇಳಿ ಮಾತು ತಿರುಗಿಸುತ್ತಿದ್ದ. ಒಂಬತ್ತು ವರ್ಷದ ಹುಡುಗನಿಗೆ ಆ ದಿನ ಎಷ್ಟು ಕಂಡಿತ್ತೋ. ಮೂರು ವರ್ಷದ ಅವಳಿಗೆ ಏನೂ ಕಂಡಿರಲಿಲ್ಲ. ಮಂಗಳವಾರ ರಾತ್ರಿ ಅಜ್ಜ ಕೇಳಿದ್ದನ್ನು ಅವಳು ಮನೆಯಲ್ಲಿ ಹೇಳಿದ್ದು ಅಪ್ಪನೊಬ್ಬನಿಗೇ.

"ಅಯ್ಯೋ ಹುಚ್ಚು ಹುಡುಗಿ," ಅಂದರು ಮೇಡಂ. ಅವರ ದನಿಯಲ್ಲೂ ಸಿಟ್ಟಿತ್ತು, ಯಾರ ಮೇಲೋ. "ನಿನ್ನಣ್ಣನನ್ನ ಬಿಡಿಸೋಕೆ ಬಂದೆಯಾ, ಹಗ್ಗ ಬಿಗಿಯೋಕೆ ಬಂದೆಯಾ? ಎರಡು ಸಾಲು ಬರೆಯಲಿಲ್ಲ ಅನ್ನೋ ಸಿಟ್ಟಿಗೆ ಯಾರೂ ಮುದುಕರನ್ನ ತಳ್ಳಲ್ಲ ಅಂತ ನನಗೂ ಅನುಮಾನ ಇತ್ತು. ಆದರೆ ಅಪ್ಪನ ಮಾನ ಪೇಪರಲ್ಲಿ ಹೋಗತ್ತೆ ಅಂದರೆ ತಳ್ತಾರೆ." ಮತ್ತೆ ಸ್ಟೇಷನ್ನಿಗೆ ಫೋನು ಹಚ್ಚಿದರು.

"ಅಣ್ಣ ಇದನ್ನ ಓದಿಲ್ಲ!" ಕೆಂಪಿಂಕು ಕೂಗಿದಳು. ನಿಜವಾಗಿ ಕೂಗಿದಳು; ಕೆಳಗಿನ ಮಹಡಿಯಲ್ಲಿ ಟೈಪಿಂಗ್ ಸದ್ದು ನಿಂತಿತು. "ಓದಿದ್ದರೆ ಬುಧವಾರ ಬೆಳಿಗ್ಗೆ ಬಂದು, ಅಮ್ಮನ ಬಗ್ಗೆ ಯಾಕೆ ಬರೆಯಲ್ಲ ಅಂತ ಜಗಳ ಯಾಕೆ ಮಾಡ್ತಿದ್ದ? ಕೇಳಿ ಇವರನ್ನ! ಈ ಕಾರ್ಡು ಇವರ ಕೈಗೆ ಹೇಗೆ ಬಂತು ಕೇಳಿ! ಅಣ್ಣ ತಂದುಕೊಟ್ಟ ಅನ್ನಲಿ ನೋಡೋಣ!"

ಅಳಿಯ ಪರ್ಸನ್ನು ಜೇಬಿಗೆ ಹಾಕಿಕೊಂಡ. ಅವಸರವಿರಲಿಲ್ಲ ಅವನಿಗೆ.

"ಇಲ್ಲ ಮೇಡಂ. ಅವಳ ಅಣ್ಣ ತಂದುಕೊಡಲಿಲ್ಲ. ಸುಳ್ಳು ಯಾಕೆ ಹೇಳಲಿ."

"ಅಜ್ಜನ ಮೇಜಿನಿಂದ ನೀವೇ ತೆಗೆದಿರಾ?"

"ಅದೂ ಇಲ್ಲ. ನನ್ನ ಕ್ಯಾಬಿನ್ನಿಗೆ ತಂದುಕೊಟ್ಟರು. ಬುಧವಾರ, ಒಂದೂಕಾಲು. ಎಲ್ಲರೂ ಊಟಕ್ಕೆ ಹೋಗಿದ್ದರು." ಮೇಜಿನ ಮೇಲಿನ ಕಾರ್ಡಿನ ಕಡೆ ಗದ್ದ ತೋರಿಸಿದ. "'ಇದರ ಬದಲು ಬೇರೆ ಏನಾದರೂ ಹಾಕಿ ಸಾರ್, ನನ್ನ ಮಗಳು ಇದೇ ಪೇಪರ್ ಓದ್ತಾಳೆ' ಅಂದರು. ಕೈ ನಡುಗ್ತಿತ್ತು. ನಿಮ್ಮಪ್ಪನಿಗೆ ಯಾವಾಗಲೂ ಹಾಗೆ ಕೈ ನಡುಗುತ್ತಾ ಕೆಂಪಿಂಕು?"

ಒಂದೂಕಾಲು. ಅಜ್ಜ ಮೆಟ್ಟಿಲ ಕೆಳಗೆ ಸಿಕ್ಕಿದ್ದು ಒಂದೂವರೆಗೆ.

"ಹಲೋ? ಹಲೋ ಮೇಡಂ?" ಎಂದು ಸ್ಟೇಷನ್ನಿನವರು ಫೋನಿನಲ್ಲಿ ಕೂಗುತ್ತಿದ್ದರು. ಮೇಡಂ ನೋಡುತ್ತಿದ್ದುದು ಕೆಂಪಿಂಕನ್ನು.

ಕೆಂಪಿಂಕು ನೋಡುತ್ತಿದ್ದುದು ಬುಧವಾರದ ಸಂಜೆಯನ್ನು. ಅಣ್ಣನನ್ನು ಹಿಡಿದ ಸುದ್ದಿ ತಿಳಿದು ಅವಳು ಮನೆಗೆ ಓಡಿ ಬಂದಾಗ ಹಿತ್ತಲಲ್ಲಿ ನೀರಿನ ಸದ್ದು. ಹೆಂಡತಿ ಸತ್ತ ಮೇಲೂ, ಅತ್ತಿಗೆ ಬಂದ ಮೇಲೂ, ತನ್ನ ಅಂಗಿಯನ್ನು ಎಂದೂ ತಾನು ಒಗೆಯದ ಅಪ್ಪ, ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗಿಯ ಒಂದೇ ತೋಳನ್ನು ಮತ್ತೆ ಮತ್ತೆ ಉಜ್ಜುತ್ತಿದ್ದ.